ಲೈನಿನಲ್ಲಿ ಇನ್ನೊಬ್ಬರು

ಇಂಟರ್‌ನೆಟ್ ಟೆಲಿಫೋನ್ ತಂತಿಯಲ್ಲೇ ಬರುತ್ತಿದ್ದ ವರ್ಷಗಳು. ಗಂಡ ಗಲ್ಫಿನಲ್ಲಿದ್ದರು. ಮಣ್ಣಗುಡ್ಡದ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಮಧ್ಯಾಹ್ನ ಊಟವಾದ ಮೇಲೆ ನಾನು ಮಹಡಿಗೆ ಹೋಗಿ, ಮೋಡೆಮ್ ಹಾಕಿ ಗಂಡನ ಇ-ಮೇಲ್ ನೋಡುತ್ತಿದ್ದೆ.

ಕೆಲವು ವಾರಗಳಿಂದ ಸಂಪರ್ಕ ಸಿಕ್ಕಿದ ಸ್ವಲ್ಪ ಹೊತ್ತಿಗೆ ಮೋಡೆಮ್ಮಿನ ದೀಪಗಳು ತಡವರಿಸುತ್ತಿದ್ದವು. ವೇಗ ಇಳಿಯುತ್ತಿತ್ತು, ಕೆಲವು ಸಲ ಕಡಿದೇ ಹೋಗುತ್ತಿತ್ತು. ಅಪರೂಪಕ್ಕೆ ಬೆಳಿಗ್ಗೆ ಹಾಕಿದರೆ ಹಾಗಾಗುತ್ತಿರಲಿಲ್ಲ. ನಮ್ಮ ಮೇಲ್‌ಗಳನ್ನು ಯಾರೋ ಕದ್ದು ಓದುತ್ತಿದ್ದಾರೆ ಎಂಬ ಗುಮಾನಿ ನನಗೆ. ಮುಚ್ಚಿಡುವಂಥ ಸಂಗತಿ ಅವುಗಳಲ್ಲಿತ್ತು.

ಫಳ್ನೀರಿನಿಂದ ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆ.

"ಲೈನ್ ಸರಿ ಉಂಟು," ಎಂದರು ಅವರು. "ಮೋಡೆಮ್ ಮೊದಲು ಕೂಗಿ ನೋಡ್ತದೆ, ಆ ಕಡೆಗೆ ಎಷ್ಟು ಕೇಳಿಸ್ತದೆ ಅಂತ. ಅದಕ್ಕೆ ತಕ್ಕ ಹಾಗೆ ಸ್ವರ ಏರಿಸಿ ಇಳಿಸಿ ಒಂದು ಹದಕ್ಕೆ ಬರ್ತದೆ. ನಡುವೆ ಅದೇ ಲೈನಿನ ಇನ್ನೊಂದು ಫೋನ್ ಎತ್ತಿದರೆ ಸಿಗ್ನಲ್ ಸ್ವಲ್ಪ ಅಲ್ಲಿಗೂ ಹೋಗ್ತದೆ. ಆಗ ಇದು ಪುನಃ ಅಳೆದು ನೋಡ್ಬೇಕು, ಸ್ಪೀಡ್ ಇಳಿಸ್ಬೇಕು. ಕೆಳಗಿನ ಫೋನ್ ಯಾರು ಎತ್ತುದು?"

"ಯಾರೂ ಇಲ್ಲ. ಅತ್ತೆ ಆಗ ಮಲಗಿರ್ತಾರೆ."

ಮರುದಿನ ದೀಪಗಳು ತಡವರಿಸಿದ ಕೂಡಲೇ ನಾನು ಸದ್ದಿಲ್ಲದೆ ಮೆಟ್ಟಿಲಿಳಿದೆ. ಕೆಳಗಿನ ಚಾವಡಿಯಲ್ಲಿ, ಫೋನಿನ ಬಳಿ, ಅತ್ತೆ ರಿಸೀವರನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಅದರೊಳಗಿನ ಕರ್ಕಶ ಸದ್ದು ನನಗೂ ಕೇಳಿಸುತ್ತಿತ್ತು.

"ಎಂತ ಕೇಳ್ತಾ ಇದ್ದೀರಿ ಅತ್ತೆ?"

ಅವರು ಬೆಚ್ಚಲಿಲ್ಲ. "ಅವನ ಸ್ವರ ಇದರಲ್ಲಿ ಎಲ್ಲಿಯಾದರೂ ಉಂಟಾ ಅಂತ. ಪ್ರತಿ ಶುಕ್ರವಾರ ಫೋನ್ ಮಾಡ್ತಿದ್ದವ, ಈಗ ನಿನ್ನ ಮಿಷನಿಗೆ ಮಾತ್ರ ಬರ್ತಾನೆ. ಎಂತ ಆಗಿದೆ ಅವನಿಗೆ?"

"ಎಂತ ಇಲ್ಲ. ಕೆಲಸ ಜಾಸ್ತಿ."

"ನೀನು ಮೇಲಿಂದ ಇಳಿಯುವಾಗ ಮುಖ ತೊಳ್ಕೊಂಡು ಬರ್ತಿ. ಗಂಡನಿಗೆ ಕೆಲಸ ಜಾಸ್ತಿ ಅಂತ ಯಾರಾದ್ರೂ ಅಳ್ತಾರಾ?"

ಹೇಳದೆ ವಿಧಿಯಿರಲಿಲ್ಲ. ಕೆಲಸದ ಜಾಗದಲ್ಲಿ ಗಂಡ ಏಣಿಯಿಂದ ಬಿದ್ದು ದವಡೆ ಮುರಿದಿತ್ತು. ಡಾಕ್ಟರು ಹಲ್ಲುಗಳಿಗೆ ತಂತಿ ಕಟ್ಟಿದ್ದರು, ಬಾಯಿ ತೆರೆಯುವಂತಿರಲಿಲ್ಲ. ಅಮ್ಮನಿಗೆ ತಿಳಿಸಬೇಡ ಎಂದು ಮೊದಲ ಮೇಲ್‌ನಲ್ಲೇ ಬರೆದಿದ್ದರು.

ಅತ್ತೆ ರಿಸೀವರನ್ನು ಮೆಲ್ಲಗೆ ಇಟ್ಟರು. "ಗಂಜಿತಿಳಿ ಮಾಡಿ ಕೊಡುವವರು ಉಂಟಾ ಅಲ್ಲಿ? ಕೇಳು," ಎಂದರು.

ರೂಮಿನಲ್ಲಿರುವ ಊರಿನವರೇ ಒಬ್ಬರು ಮಾಡಿ ಕೊಡುತ್ತಾರೆಂದು ಉತ್ತರ ಬಂತು. ಅತ್ತೆ ಮಹಡಿ ಹತ್ತಿ ಬಂದು ನನ್ನ ಪಕ್ಕದಲ್ಲಿ ಕುಳಿತು ಓದಿಸಿದರು.

"ಅಷ್ಟೇನಾ?"

"ಅಷ್ಟೇ."

"ಇನ್ನೊಮ್ಮೆ ಓದು."

ಎರಡನೆಯ ಸಲ ಓದುವಾಗ ಅವರು ಪರದೆಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ಮುಂದೆ ಬಂದ ಪ್ರತಿ ಮೇಲನ್ನೂ ಹಾಗೆಯೇ ಓದಬೇಕಾಯಿತು.

ಹಲ್ಲಿನ ತಂತಿ ಬಿಚ್ಚಿದ ಮೇಲೆ ಗಂಡ ಫೋನ್ ಮಾಡಿದರು. ಸ್ವರ ದಪ್ಪವಾಗಿ, ತೊದಲುತ್ತಿತ್ತು. ಅದು ಮಗನದೇ ಎಂದು ಅತ್ತೆಗೆ ನಂಬಿಕೆ ಬರಲಿಲ್ಲ.

"ನೀನು ಸಣ್ಣವನಿರುವಾಗ ಬಾವಿಗೆ ಹಾಕಿದ್ದು ಎಂತ, ಹೇಳು?"

"ಅಪ್ಪನ ಕನ್ನಡಕ," ಎಂದರಂತೆ ಗಂಡ.

ಆಮೇಲೆಯೇ ಅತ್ತೆ ಕುರ್ಚಿ ಎಳೆದುಕೊಂಡು ಕುಳಿತರು.