ಸಾರು ಚೆಲ್ಲದ ಏರು

ಖಣ್... ಖಣ್... ಖಣ್.

ಸ್ಟೀಲ್ ಕ್ಯಾರಿಯರ್‌ಗಳು ಒಂದಕ್ಕೊಂದು ತಗಲುವ ಸದ್ದು. ಬಳ್ಳಾರಿಯ ನಮ್ಮ ಕಾನ್ವೆಂಟಿನಲ್ಲಿ ಊಟದ ಬೆಲ್‌ಗಿಂತ ಮೊದಲು ಕೇಳಿಸುತ್ತಿದ್ದದ್ದು ಅದು. ಸಿಸ್ಟರ್ ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲಿ ಪೇಷನ್ಸ್ ಬಗ್ಗೆ ಹೇಳುತ್ತಿದ್ದರೆ ನಾವೆಲ್ಲ ಕಿಟಕಿಯಾಚೆಗೆ ಕಿವಿಗೊಟ್ಟಿರುತ್ತಿದ್ದೆವು. ಈರಣ್ಣ ಬಂದನೇ?

ಈರಣ್ಣ ನಮ್ಮ ಮನೆಗಳಿಂದ ಊಟ ತರುತ್ತಿದ್ದವನು. ಸೈಕಲ್ಲಿನ ಹಿಂದೆ, ಮುಂದೆ, ಹ್ಯಾಂಡಲ್ಲಿಗೆ, ಎಲ್ಲೆಂದರಲ್ಲಿ ಕ್ಯಾರಿಯರ್. ಅವನಿಗೆ ಓದಲು ಬಾರದು. ಹಾಗಾಗಿ ಪ್ರತಿ ಹಿಡಿಕೆಗೂ ಒಂದೊಂದು ಬಣ್ಣದ ದಾರ ಕಟ್ಟಿದ್ದ. ನನ್ನದು ಕೆಂಪು. ಅವನ ಪಾಲಿಗೆ ನನ್ನ ಹೆಸರೇ 'ಕೆಂಪು ದಾರದ ಪಾಪ'.

ಸ್ಕೂಲಿನ ಮುಂದೆ ಒಂದು ಏರು ಇತ್ತು. ಅದರ ಬುಡಕ್ಕೆ ಬಂದ ಕೂಡಲೇ ಈರಣ್ಣ ನಿಧಾನವಾಗುತ್ತಿದ್ದ. ಹಸಿದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಉಂಟೇ? ಒಮ್ಮೆ ಕೇಳಿಯೇಬಿಟ್ಟೆ.

"ಬುಡದಾಗ ಜೋರು ತುಳದ್ರ ಸಾರು ಚೆಲ್ತೈತಿ ಪಾಪ," ಅಂದ. "ಕೆಳಗ ಉಳಿಸಿದ್ದು ಮ್ಯಾಲ ಸಿಗ್ತೈತಿ."

ಆಗ ತಲೆಗೆ ಹೋಗಲಿಲ್ಲ. ಇಷ್ಟು ವರ್ಷಗಳ ಮೇಲೆ ಹೋಗಿದ್ದು ಮೊಮ್ಮಗಳು ಸಿಂಚನಾಳಿಂದ.

ಅವಳು ಇಲ್ಲೇ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಹುಚ್ಚು ಮಾತ್ರ ಟ್ರಯಥ್ಲಾನ್‌ದು. ಮೊದಲು ಈಜಬೇಕು, ಆಮೇಲೆ ಸೈಕಲ್ ತುಳಿಯಬೇಕು, ಅದಾದ ಮೇಲೆ ಓಡಬೇಕು. (ನನಗಂತೂ ಸ್ನಾನ ಮಾಡಿ, ಬಟ್ಟೆ ಒಣಹಾಕಿ, ಮೆಟ್ಟಿಲಿಳಿಯುವಷ್ಟರಲ್ಲಿ ಮೂರೂ ಆಗಿಹೋಗುತ್ತದೆ.) ಹೋದ ವರ್ಷ ಓಟದ ಅರ್ಧದಲ್ಲೇ ಕಾಲು ಹಿಡಿದು, ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ತಪ್ಪು ಯಾರದು? ಸಿರುಗುಪ್ಪ ರಸ್ತೆಯದು ಅನ್ನಲೇ? ವರ್ಷವಿಡೀ ಪ್ರಾಕ್ಟೀಸ್ ಅಲ್ಲೇ. ಕಾಲುವೆ, ಭತ್ತದ ಗದ್ದೆ, ಅಂಗೈಯಂಥ ಸಮತಟ್ಟು ದಾರಿ. ಆವರೇಜ್ ಸ್ಪೀಡ್ ನೋಡಿಕೊಂಡು ಹಿಗ್ಗುತ್ತಿದ್ದಳು. ರೇಸ್ ನಡೆದದ್ದು ಗುಡ್ಡಗಾಡಿನಲ್ಲಿ. ಓಟಕ್ಕೆ ಬೇಕಿದ್ದ ಕಾಲಿನ ಬಲವೆಲ್ಲ ಸೈಕಲ್ಲಿನ ಏರುಗಳಲ್ಲೇ ಖರ್ಚಾಗಿತ್ತು.

"ಈ ಸಲನೂ ಮುಗಸ್ಲಿಲ್ಲಂದ್ರ ಸೈಕಲ್ ಮಾರಿಬಿಡ್ತೀನಿ ಅಮ್ಮಮ್ಮ," ಅಂದಳು. ಅವಳು ಸುಮ್ಮನೆ ಮಾತಾಡುವವಳಲ್ಲ.

ಹೀಗೆ ಭಾನುವಾರಗಳ ಪ್ರಾಕ್ಟೀಸ್ ಕುರುಗೋಡಿನ ಗುಡ್ಡಗಳ ಕಡೆಗೆ ತಿರುಗಿತು. ಅವಳಪ್ಪ, ನನ್ನ ಅಳಿಯ, ಕಾರು ಓಡಿಸುವುದು, ಹಿಂದಿನ ಸೀಟಿನಲ್ಲಿ ನಾನು, ನನ್ನ ಮಡಿಲಲ್ಲಿ ಬಾಳೆಹಣ್ಣು. ಟೀಮ್ ಮ್ಯಾನೇಜರ್ ಅಂದುಕೊಳ್ಳಿ.

ಮೊದಲ ಭಾನುವಾರ ಏರಿನ ಬುಡದಲ್ಲೇ ಎದ್ದು ನಿಂತು ತುಳಿದಳು. ಮೇವು ಹೇರಿಕೊಂಡಿದ್ದ ಲೂನಾವನ್ನು ಹಿಂದೆ ಹಾಕಿದಳು. ಅರ್ಧ ಏರಿನಲ್ಲಿ ಕಾಲು ನೆಲಕ್ಕೆ. ಲೂನಾ ಗುರುಗುಡುತ್ತ ಮುಂದೆ ಹೋಯಿತು. ಅದರ ಯಜಮಾನ ತಿರುಗಿ ನೋಡಿ, "ಏನವ್ವ, ನೂಕ್ಲೇನು?" ಅಂದ. ಇವಳಿಗೆ ನಗುವೂ ಬರಲಿಲ್ಲ.

ಆಗ ನನ್ನ ಕಿವಿಯಲ್ಲಿ ಖಣ್ ಖಣ್.

ಮುಂದಿನ ಭಾನುವಾರ ಒಂದು ಸ್ಟೀಲ್ ಡಬ್ಬಿಗೆ ಕಂಠಮಟ್ಟ ಸಾರು ತುಂಬಿ, ಮುಚ್ಚಳ ಸಡಿಲ ಬಿಟ್ಟು, ಅವಳ ಹ್ಯಾಂಡಲ್ಲಿಗೆ ಕಟ್ಟಿದೆ.

"ಅಮ್ಮಮ್ಮ, ನಿಂಗ ತಲಿ ಕೆಟ್ಟೈತೇನು? ಪವರ್ ಮೀಟರ್ ಐತಲ್ಲ ಇದ್ರಾಗ. ಎಷ್ಟು ಜೋರು ತುಳೀತೀನಂತ ನಂಬರ್ ತೋರಿಸ್ತೈತಿ."

"ನೀ ನಂಬರ್ ಮಾತು ಕೇಳಿದ್ರ ನಾ ಯಾಕ ಸಾರು ಮಾಡ್ತಿದ್ದೆ? ನಂಬರ್ ಬಟ್ಟಿಗೆ ಕಲೆ ಮಾಡಂಗಿಲ್ಲ, ಸಾರು ಮಾಡ್ತೈತಿ."

ಅವತ್ತು ಅವಳ ತೊಡೆಯೆಲ್ಲ ಅರಿಶಿನ. ಅಳಿಯ ಒಗ್ಗರಣೆಯ ವಾಸನೆ ಚೆನ್ನಾಗಿದೆ ಅಂದು ಬೈಸಿಕೊಂಡ. ಅದರ ಮುಂದಿನ ವಾರ ಅರ್ಧ ಡಬ್ಬಿ ಉಳಿಯಿತು. ಬುಡ ಬರುವ ಮೊದಲೇ ಗೇರ್ ಇಳಿಸುವುದು ಕಲಿತಳು. ಸೀಟಿನಲ್ಲಿ ಕೂತೇ ಹತ್ತುವುದು, ನೆತ್ತಿಯವರೆಗೂ ಒಂದೇ ಲಯ, ಇಳಿಜಾರಿನಲ್ಲಿ ಕಾಲಿಗೆ ವಿರಾಮ, ಸಮ ರಸ್ತೆ ಸಿಕ್ಕಾಗ ನೀರು, ಬಾಳೆಹಣ್ಣು. ಎಲ್ಲಕ್ಕಿಂತ ಕಷ್ಟವಾದದ್ದು ಬೇರೆಯವರು ದಾಟಿಹೋಗುವಾಗ ಸುಮ್ಮನಿರುವುದು. ಅದು ಯಾರಿಗೆ ಸುಲಭ ಹೇಳಿ? ನಮ್ಮಲ್ಲಿ ಎಷ್ಟು ಜನ ಮೊದಲ ಏರಿನಲ್ಲೇ ಎಲ್ಲ ಚೆಲ್ಲಿಕೊಂಡು, ಉಳಿದ ದಾರಿಯುದ್ದಕ್ಕೂ ರಸ್ತೆಯನ್ನು ಬೈದಿಲ್ಲ?

ಒಂದು ಭಾನುವಾರ ಗುಡ್ಡದ ಮೇಲೆ ಬಂದು ನಿಂತಳು. ಮುಚ್ಚಳ ತೆಗೆದು ತೋರಿಸಿದಳು. ಕಂಠಮಟ್ಟ ಇತ್ತು. ಮೂವರೂ ಬಂಡೆಯ ಮೇಲೆ ಕೂತು ಕುಡಿದೆವು. ತಣ್ಣಗಾಗಿತ್ತು, ಆದರೂ ಅಂಥ ಸಾರು ನಾನು ಮತ್ತೆ ಮಾಡಲಾರೆ.

ರೇಸಿಗೆ ಡಬ್ಬಿ ಒಯ್ಯಲು ಬಿಡುವುದಿಲ್ಲವಂತೆ. ಹ್ಯಾಂಡಲ್ಲಿಗೆ ಒಂದು ಕೆಂಪು ದಾರ ಕಟ್ಟಿ ಕಳಿಸಿದೆ.

ಹೋದ ಭಾನುವಾರ, ರೇಸಿನ ದಿನ, ಮಧ್ಯಾಹ್ನದವರೆಗೂ ನಾನು ಊಟ ಮಾಡಲಿಲ್ಲ. ಫೋನ್ ಬಂತು. ಮೊದಲು ಏದುಸಿರು, ಆಮೇಲೆ ಮಾತು.

"ಅಮ್ಮಮ್ಮ, ಬುಡದಾಗ ಎಲ್ಲಾರೂ ನನ್ನ ದಾಟಿ ಹೋದ್ರು. ನಾ ದಾರ ನೋಡ್ಕಂತ ಕುಂತೆ. ಓಟ ಪೂರ್ತಿ ಓಡೀನಿ. ಒಂದ್ಕಡೆನೂ ನಡೀಲಿಲ್ಲ. ಚೆಲ್ಲಲಿಲ್ಲ ಅಮ್ಮಮ್ಮ."

ಎಷ್ಟನೆಯವಳಾಗಿ ಬಂದಳೋ ನಾನು ಕೇಳಲಿಲ್ಲ. ಸೈಕಲ್ ಮನೆಯಲ್ಲೇ ಇರುತ್ತದೆ, ಅಷ್ಟು ಸಾಕು. ದೇವರ ಮುಂದೆ ದೀಪ ಹಚ್ಚಿದೆ. ಕೈ ಮುಗಿದಾಗ ಕಣ್ಣ ಮುಂದೆ ಬಂದವನು ಈರಣ್ಣ.

ನಾನು ಅವನನ್ನು ಕೊನೆಯ ಸಲ ನೋಡಿದ್ದು ಸಿರುಗುಪ್ಪ ಬಸ್‌ ಸ್ಟ್ಯಾಂಡಿನಲ್ಲಿ. ಮದುವೆಯಾದ ಹೊಸತು, ಯಜಮಾನರು ಪಕ್ಕದಲ್ಲಿ, ನನಗೆ ಕಿಟಕಿ ಸೀಟು. "ಕೆಂಪು ದಾರದ ಪಾಪಾ," ಎಂದು ಯಾರೋ ಕೂಗಿದರು. ನೋಡಿದರೆ ಈರಣ್ಣ, ತಲೆಯೆಲ್ಲ ಬೆಳ್ಳಗೆ. ಕಾನ್ವೆಂಟಿನ ನಯನಾಜೂಕಿನ ಹುಡುಗಿಗೆ ಎಲ್ಲಿಲ್ಲದ ನಾಚಿಕೆ. ಬಸ್ ಹೊರಟಿತು. ಅವನು ಜೊತೆಗೆ ನಾಲ್ಕು ಹೆಜ್ಜೆ ನಡೆದ.

"ಒಂದಿನಾನೂ ಚೆಲ್ಲಿದ್ದಿಲ್ಲ, ಹೌದಿಲ್ಲೋ ಪಾಪಾ?"

ನಾನು ಹೌದೆಂದು ತಲೆಯಷ್ಟೇ ಆಡಿಸಿದೆ. ಬಸ್ಸೆಬ್ಬಿಸಿದ ಆ ಧೂಳಿನಲ್ಲಿ ಅದು ಅವನಿಗೆ ಕಂಡಿತೇ?