ನಮ್ಮ ಸೋಲಾರ್ ಕೋಟೇಶನ್‌ನಲ್ಲಿ ಅಡುಗೆಮನೆಯೇ ಇರಲಿಲ್ಲ

“ಬಾಪೂಜಿ ನಗರದವನದ್ದೇ ಚೀಪು. ನಾಳೆನೇ ಅಡ್ವಾನ್ಸ್ ಕೊಟ್ಬಿಡ್ತೀನಿ” ಎಂದು ಇವರು ಊಟದ ಮೇಜಿನ ಮೇಲೆ ಕ್ಯಾಲ್ಕುಲೇಟರ್ ಮಗುಚಿಟ್ಟರು.

ಮೇಜಿನ ಮೇಲೆ ಮೂರು ಕೋಟೇಶನ್‌ಗಳಿದ್ದವು. ಬಾಪೂಜಿ ನಗರದ್ದು, ರಾಜಾಜಿನಗರದ್ದು, ಕೆಂಗೇರಿಯದ್ದು. ಮೂರೂ ಅಂಗಡಿಯವರು ಬಸವೇಶ್ವರನಗರದ ನಮ್ಮ ಮನೆಯ ತಾರಸಿ ಹತ್ತಿ, ಬಿಸಿಲು ನೋಡಿ, ಕಾಫಿ ಕುಡಿದು ಹೋಗಿದ್ದರು.

ತಾರಸಿಯ ಮೇಲೆ ಪ್ಯಾನೆಲ್, ಮೆಟ್ಟಿಲ ಕೆಳಗೆ ಬ್ಯಾಟರಿ, ಕರೆಂಟ್ ಹೋದಾಗ ಉರಿಯಲು ಕೆಲವು ದೀಪ. ನಮಗೆ ಬೇಕಿದ್ದದ್ದು ಇಷ್ಟೇ.

ಬೇಸಿಗೆ ಶುರುವಾದಾಗಿನಿಂದ ಲೋಡ್ ಶೆಡ್ಡಿಂಗ್... ಅದೂ ಸರಿಯಾಗಿ ಸಂಜೆ ಹೊತ್ತಿಗೆ. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ಅಡುಗೆಗೆ ಏಳುವ ಮುನ್ನ, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಒಂದೆರಡು ಕವಿತೆ ಓದುತ್ತೇನೆ. ಇಡೀ ದಿನದಲ್ಲಿ ನನ್ನದು ಅನ್ನುವ ಹೊತ್ತು ಅದೊಂದೇ.

ಮೇಣದಬತ್ತಿಯಲ್ಲಿ ಓದಲು ಈ ವಯಸ್ಸಿನ ಕಣ್ಣು ಒಪ್ಪುವುದಿಲ್ಲ. ಸೋಲಾರ್ ಹಾಕಿಸಲೇಬೇಕೆಂದು ಹಟ ಹಿಡಿದವಳು ನಾನೇ.

ಆದರೂ ರಾಜಾಜಿನಗರದವರ ಬೆಲೆ ಬಾಪೂಜಿ ನಗರದವರದ್ದಕ್ಕಿಂತ ಮೂರು ಪಟ್ಟು ಹೇಗೆ? ಅದೇ ತಾರಸಿ, ಅದೇ ಸೂರ್ಯ.

ಮೂರನ್ನೂ ನನ್ನ ಕಡೆ ಎಳೆದುಕೊಂಡು ನಿಧಾನವಾಗಿ ಓದಿದೆ. ಕವಿತೆ ಓದುವವರಿಗೆ ಒಂದು ಚಟ, ಬರೆದದ್ದಕ್ಕಿಂತ ಬಿಟ್ಟದ್ದು ಮೊದಲು ಕಣ್ಣಿಗೆ ಬೀಳುತ್ತದೆ.

ಬಾಪೂಜಿ ನಗರದ ಹಾಳೆಯಲ್ಲಿ ಹಾಲ್‌ಗೊಂದು ಲೈಟು, ಒಂದು ಫ್ಯಾನು, ಗೇಟಿಗೊಂದು ಬಲ್ಬು, ಸ್ಕೂಟರ್ ನಿಲ್ಲಿಸುವ ಕಡೆಗೊಂದು ಬಲ್ಬು. ಅಲ್ಲಿಗೆ ಮುಗಿಯಿತು. ಅದರ ಪ್ರಕಾರ ನಮ್ಮ ಮನೆಗೆ ಅಡುಗೆಮನೆಯೇ ಇಲ್ಲ.

“ಸ್ಕೂಟರಿಗೂ ಲೈಟಿದೆ. ಒಲೆ ಮುಂದೆ ನಿಲ್ಲೋಳಿಗೆ ಇಲ್ವಲ್ಲ?”

“ಅವನು ಬಂದಾಗ ನಾನೊಬ್ನೇ ಇದ್ದೆ ಕಣೇ. ಎಲ್ಲೆಲ್ಲಿ ಬೇಕು ಸಾರ್ ಅಂದ. ನೆನಪಾದದ್ದು ಹೇಳ್ದೆ.”

ರಾಜಾಜಿನಗರದವನು ಬಂದ ದಿನ ಮನೆಯಲ್ಲಿ ಇದ್ದವರು ಅತ್ತೆ. ಅವರ ಹಾಳೆಯಲ್ಲಿ ದೇವರ ಮನೆ, ಅಡುಗೆಮನೆ, ಅವರ ರೂಮು, ಬಚ್ಚಲಿಗೆ ಹೋಗುವ ದಾರಿ, ಧಾರಾವಾಹಿಗೆ ಟೀವಿ... ಕೊನೆಯಲ್ಲಿ ಗ್ರೈಂಡರ್!

“ಅಮ್ಮಾ, ಸೋಲಾರಲ್ಲಿ ಯಾರಾದ್ರೂ ದೋಸೆ ಹಿಟ್ಟು ರುಬ್ತಾರಾ?” ಇವರು ತಲೆ ಮೇಲೆ ಕೈ ಇಟ್ಟುಕೊಂಡರು.

“ನಾನು ಅಕ್ಕಿ ನೆನೆಹಾಕಿದ ದಿನವೇ ಕರೆಂಟ್ ಹೋಗತ್ತಲ್ಲಪ್ಪ. ಆಗತ್ತಾ ಅಂತ ಕೇಳ್ದೆ. ಆಗತ್ತೆ ಅಜ್ಜಿ, ಬ್ಯಾಟರಿ ಜಾಸ್ತಿ ಇಡೋಣ ಅಂದ. ಒಳ್ಳೇ ಹುಡುಗ.”

ಆ ಒಳ್ಳೇ ಹುಡುಗ ಬರೆದ ಬ್ಯಾಟರಿಗಳನ್ನು ಇಡಲು ನಮ್ಮ ಮೆಟ್ಟಿಲ ಕೆಳಗಿನ ಜಾಗ ಸಾಲದು, ಪ್ರತ್ಯೇಕ ಕೋಣೆಯೇ ಬೇಕು.

ಕೆಂಗೇರಿಯವನಿಗೆ ಲೆಕ್ಕ ಹೇಳಿದವಳು ನಾನು. ಅಡುಗೆಮನೆ, ಹಾಲ್, ನಮ್ಮ ರೂಮು, ನನ್ನ ಕುರ್ಚಿ. ಸ್ವಲ್ಪ ಹೆಮ್ಮೆಯಿಂದಲೇ ಅದನ್ನು ಮುಂದೆ ತಳ್ಳಿದೆ. “ನೋಡಿ, ಇದು ಮನೆಗೆ ಬೇಕಾದ್ದು.”

ಅತ್ತೆ ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಮೇಲಿಂದ ಕೆಳಗೆ. ಮತ್ತೊಮ್ಮೆ ಮೇಲಿಂದ ಕೆಳಗೆ.

“ಕುರ್ಚಿಗೆ ಲೈಟಿದೆ. ನನ್ನ ರೂಮೆಲ್ಲಮ್ಮಾ?”

ಇವರು ನಕ್ಕ ನಗೆ ಪಕ್ಕದ ಮನೆಗೂ ಕೇಳಿಸಿರಬೇಕು.

ಮೂರು ಅಂಗಡಿಗಳ ಬೆಲೆ ಹೋಲಿಸುತ್ತಿದ್ದೇವೆ ಅಂದುಕೊಂಡಿದ್ದೆವು. ನಿಜವಾಗಿ ಬೆಲೆ ಕೇಳಿದ್ದು ಮೂರು ಬೇರೆ ಬೇರೆ ಮನೆಗಳಿಗೆ... ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕತ್ತಲಲ್ಲಿದ್ದರು.

ಅಷ್ಟರಲ್ಲಿ ಕರೆಂಟ್ ಹೋಯಿತು.

“ಒಂದ್ಲೋಟ ಕಾಫಿ ಆದ್ರೂ ಕೊಡೇ, ತಲೆ ಸಿಡೀತಿದೆ” ಎಂದರು ಇವರು, ಕತ್ತಲಿನಿಂದ.

“ನಿಮ್ಮ ಕೋಟೇಶನ್ನಲ್ಲಿ ಅಡುಗೆಮನೆ ಇಲ್ವಲ್ಲಾ.”

ಸ್ವಾಭಿಮಾನ ಕೆರಳಿ ಮೊಬೈಲಿನ ಟಾರ್ಚ್ ಹಿಡಿದು ತಾವೇ ಒಳಗೆ ಹೋದರು. ಒಂದು ಪಾತ್ರೆ ಬಿತ್ತು. ಅದರ ಮುಚ್ಚಳ ಬಹಳ ಹೊತ್ತು ಸುತ್ತಿ ಸುತ್ತಿ ನಿಂತಿತು. ಆಮೇಲೆ ಅವರು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ಹಲೋ, ಬಾಪೂಜಿ ನಗರನಾ? ಅಡುಗೆಮನೆಗೊಂದು ಪಾಯಿಂಟ್ ಸೇರಿಸಪ್ಪ... ಒಲೆ ಮೇಲಲ್ಲ, ಡಬ್ಬಗಳಿರೋ ಕಡೆ... ಅಯ್ಯೋ, ಸ್ಕೂಟರದ್ದು ತೆಗಿಯೋ ಮಾರಾಯ!”

ಭಾನುವಾರ ಅವನು ಮತ್ತೆ ಬಂದ. ಮೆಟ್ರೋ ಅಗೆತದಲ್ಲಿ ಸಿಕ್ಕಿಕೊಂಡು ಬೆವರಿಳಿಸುತ್ತಾ ಬಂದವನ ಮುಂದೆ ಈ ಸಲ ಮೂವರೂ ಸಾಲಾಗಿ ಕೂತಿದ್ದೆವು.

“ಈ ಬಜೆಟ್‌ಗೆ ನಾಲ್ಕು ಲೈಟ್ ಪಾಯಿಂಟು ಸಾರ್. ಫ್ಯಾನ್ ಬರಲ್ಲ, ಗ್ರೈಂಡರಂತೂ ಕೇಳ್ಲೇಬೇಡಿ. ಒಬ್ರೇ ಹೇಳಿ, ಬರ್ಕೊತೀನಿ.”

ಅಡುಗೆಮನೆ ಎಂದು ಮೊದಲು ಹೇಳಿದವರು ಇವರೇ. ಅತ್ತೆಯ ರೂಮು ಎಂದು ನಾನು ಆತುರದಿಂದ ಹೇಳಿದೆ. ಬಚ್ಚಲ ದಾರಿಗೆ ಮೂವರೂ ಒಪ್ಪಿದೆವು. ಉಳಿದದ್ದು ಒಂದೇ.

ಇವರು ಹಾಲ್ ಅಂದರು. ನನ್ನ ಕುರ್ಚಿ ಎನ್ನಲು ನನಗೆ ಮುಖವಿರಲಿಲ್ಲ.

“ಅವಳ ಕುರ್ಚಿಗೇ ಹಾಕಪ್ಪಾ” ಎಂದರು ಅತ್ತೆ. “ಪಾಪ, ಓದ್ಕೋತಾಳೆ.”

ನಾನು ಎದ್ದು ಅತ್ತೆಗೆ ಕಾಫಿ ಮಾಡಲು ಹೋದೆ.

ದೀಪ ಬಂತು. ಮೊದಲ ಸಂಜೆ ಕರೆಂಟ್ ಹೋದ ತಕ್ಷಣ ಸ್ವಿಚ್ ಒತ್ತಿ, ಪುಸ್ತಕ ತೆರೆದು ಕೂರುತ್ತೇನೆ... ಅತ್ತೆ ಮೊರದಲ್ಲಿ ಮೆಂತ್ಯ ಸೊಪ್ಪು ಹಿಡಿದು ಬರುತ್ತಾರೆ.

“ನಿಮ್ಮ ರೂಮಲ್ಲೂ ಲೈಟಿದೆಯಲ್ಲಾ ಅತ್ತೆ?”

“ಇದೆ. ಅಲ್ಲಿ ಒಬ್ಳೇ ಕೂತ್ಕೊಂಡು ಏನ್ ಮಾಡ್ಲಿ?”

ಹಿಂದೆಯೇ ಪೇಪರ್ ಹಿಡಿದು, ಇನ್ನೊಂದು ಕುರ್ಚಿ ಎಳೆದುಕೊಂಡು ಇವರು. “ಸ್ವಲ್ಪ ಆ ಕಡೆ ಸರ್ಕೊಳ್ಳೇ, ನಿನ್ನ ನೆರಳು ಬೀಳ್ತಿದೆ.”

ಒಬ್ಬರು ಸೊಪ್ಪಿನ ಬೆಲೆ ಹೇಳುತ್ತಾರೆ, ಇನ್ನೊಬ್ಬರು ಸುದ್ದಿ ಓದಿ ಹೇಳುತ್ತಾರೆ. ನನ್ನ ಪುಸ್ತಕ ಒಂದು ವಾರದಿಂದ ಅದೇ ಪುಟದಲ್ಲಿದೆ. ಕರೆಂಟ್ ಬಂದರೆ ಇಬ್ಬರೂ ಎದ್ದು ಟೀವಿ ಮುಂದೆ ಹೋಗುತ್ತಾರೆ.

ಹಾಗಾಗಿ ಗೆಳೆಯರೇ, ಸಂಜೆ ಕರೆಂಟ್ ಹೋಗದಿರಲಪ್ಪಾ ಎಂದು ಈಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಡಿಕೊಳ್ಳುತ್ತಿರುವವಳು, ಸೋಲಾರ್ ಹಾಕಿಸಿದ ನಾನೇ.