ಮುದ್ದೆ ನುಂಗುವವರ ಹಲ್ಲು

ಕಳೆದ ವಾರ ನಮ್ಮ ಕ್ಲಿನಿಕ್ಕಿಗೆ ಕಂಪ್ಯೂಟರಿನಲ್ಲೇ ಚಿತ್ರ ಮೂಡುವ ಹೊಸ ಎಕ್ಸ್‌ರೇ ಬಂತು. ಫಿಲಂ ತೊಳೆಯುತ್ತಿದ್ದ ಹಳೆಯ ಡಬ್ಬಿಯನ್ನು ಖಾಲಿ ಮಾಡೋಣವೆಂದು ಮುಚ್ಚಳ ತೆಗೆದೆ. ಆ ಹುಳಿ ಔಷಧಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ರಾಮನಗರದ ಹಲ್ಲಿನ ಡಾಕ್ಟರು ನೆನಪಾದರು. ಪ್ರೀತಿಯಿಂದ ನೆನೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ.

ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮವ್ವ ರೇಷ್ಮೆ ನೂಲು ಹುರಿ ಮಾಡುವ ಶೆಡ್ಡಿಗೆ ಹೋಗುತ್ತಿದ್ದಳು. ಎಳೆ ಹರಿದರೆ ಗಂಟು ಹಾಕಿ, ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಡಿಯಬೇಕು. ಕತ್ತರಿ ಹುಡುಕುತ್ತ ಕೂತರೆ ಮಿಷನ್ ಕಾಯುವುದಿಲ್ಲ. ಅಲ್ಲಿನ ಹೆಂಗಸರ ಮುಂದಿನ ಹಲ್ಲಿನಲ್ಲೆಲ್ಲ ನೂಲು ಕೂರುವಷ್ಟು ಸಣ್ಣ ಕಚ್ಚು ಬಿದ್ದಿರುತ್ತಿತ್ತು. ಅವ್ವನಿಗೂ ಇತ್ತು. ಆದರೆ ಅವಳಿಗೆ ನೋವು ಬಂದದ್ದು ಹಿಂದೆ, ಎಡಗಡೆ ದವಡೆಯಲ್ಲಿ.

ಡಾಕ್ಟರು ಪುಟ್ಟ ಕನ್ನಡಿ ಹಿಡಿದು ಇಣುಕಿದರು. ಮುಂದಿನ ಕಚ್ಚು ಕಂಡದ್ದೇ ಅವರ ಪರೀಕ್ಷೆ ಮುಗಿಯಿತು. "ನೂಲು ಕಚ್ಚಿ ಕಚ್ಚಿ ಹಿಂಗಾಗಿದೆ. ಕಚ್ಚೋದು ಬಿಡು, ಹೋಗುತ್ತೆ" ಎಂದರು. ಅವ್ವ ಕೊರಳಿಗೆ ಕತ್ತರಿ ನೇತುಹಾಕಿಕೊಂಡು ದುಡಿದಳು. ಕೈ ನಿಧಾನವಾಯಿತೆಂದು ಮಾಲೀಕನಿಂದ ಬೈಸಿಕೊಂಡಳು. ನೋವು ಹೋಗಲಿಲ್ಲ...

ಎಕ್ಸ್‌ರೇ ಮಿಷನ್ ಅವರ ಕೋಣೆಯಲ್ಲೇ ಇತ್ತು. ಆಯುಧಪೂಜೆಯ ಕುಂಕುಮ ಹಚ್ಚಿಕೊಂಡು, ಹೂವಿನ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಬಿಡದಿ ಫ್ಯಾಕ್ಟರಿಯ ಸಾಹೇಬರು ಕಾರಿನಲ್ಲಿ ಬಂದರೆ ಮಾತ್ರ ಆ ಬಟ್ಟೆ ಸರಿಯುತ್ತಿತ್ತು. ಎರಡನೇ ಸಲ ಹೋದಾಗ ಅವ್ವನೇ ಬಾಯಿಬಿಟ್ಟು ಕೇಳಿದಳು: "ಸಾ, ಅದ್ರಲ್ಲಿ ಒಸಿ ನೋಡ್ಬುಡಿ. ಹಲ್ಲು ಉಳ್ಕತದಾ?"

"ಮುದ್ದೆ ನುಂಗೋಕೆ ಹಲ್ಲು ಯಾಕಮ್ಮ ಬೇಕು?" ಎಂದು ಡಾಕ್ಟರು ನಕ್ಕರು. ಬೆಂಚಿನ ಮೇಲಿದ್ದವರೂ ನಕ್ಕರು. ಅವ್ವನೂ, ಊದಿದ ಕೆನ್ನೆ ಹಿಡಿದುಕೊಂಡೇ ನಕ್ಕಳು. ಅವಳು ನಕ್ಕದ್ದು ನೆನೆದರೆ ನನಗೆ ಈಗಲೂ ಉರಿಯುತ್ತದೆ.

ಕಿತ್ತರು. ಕಿತ್ತ ಹಲ್ಲಿನಲ್ಲಿ ಹುಳುಕಿನ ಒಂದು ಚುಕ್ಕೆಯೂ ಇರಲಿಲ್ಲ. ನೋವು ಇದ್ದಲ್ಲೇ ಇತ್ತು. ಮತ್ತೆ ಹೋದಾಗ ಅದರ ಹಿಂದಿನದನ್ನು ಕಿತ್ತು ಟ್ರೇಗೆ ಹಾಕಿದರು. ನಾನು ಬಗ್ಗಿ ನೋಡಿದೆ. ಆಚೆಯ ಹಲ್ಲಿಗೆ ಒತ್ತಿಕೊಂಡಿದ್ದ ಪಕ್ಕೆಯಲ್ಲಿ ಕರೀ ತೂತಿತ್ತು. ಡಾಕ್ಟರೂ ಅದನ್ನು ನೋಡಿದರು, ಟ್ರೇಯನ್ನು ಆಚೆ ಸರಿಸಿದರು.

ನಾನು ಈ ಎಕ್ಸ್‌ರೇ ತೆಗೆಯುವ ಕೆಲಸ ಕಲಿತದ್ದೇ ಆ ತೂತಿನ ಮೇಲಿನ ಹಠಕ್ಕೆ. ಪುಟ್ಟ ಫಿಲಮ್ಮನ್ನು ಹಲ್ಲಿನ ಒಳಮಗ್ಗುಲಿಗೆ ನಿಲ್ಲಿಸಿ, ಅದಕ್ಕಂಟಿದ ಕಾಗದದ ನಾಲಿಗೆಯನ್ನು ಕಚ್ಚಿಸಿದರೆ ಸಾಕು, ಹಲ್ಲು ಹಲ್ಲಿನ ಸಂದಿ ಕಾಣುತ್ತದೆ. ಕನ್ನಡಿಗೆ ಸಿಗದ ಜಾಗ ಅದು. ಐದು ನಿಮಿಷದ ಕೆಲಸ.

ಎಷ್ಟೋ ವರ್ಷದ ಮೇಲೆ, ಚನ್ನಪಟ್ಟಣದ ನಮ್ಮ ಕ್ಲಿನಿಕ್ಕಿಗೆ ಆ ಡಾಕ್ಟರೇ ಬಂದರು. ಕೂದಲೆಲ್ಲ ನೆರೆತಿತ್ತು, ಕೈ ಕೆನ್ನೆಯ ಮೇಲಿತ್ತು. ನಮ್ಮ ಡಾಕ್ಟರ್ ಮೇಡಂ ಫಿಲಂ ತೆಗೆಯಲು ಹೇಳಿದರು. ಫಿಲಮ್ಮಿನ ಮೂಲೆ ನಾಲಿಗೆಯ ಕೆಳಗೆ ಒತ್ತಿ ನೋಯಿಸುತ್ತದೆಂದು ಎಲ್ಲರಿಗೂ ಅದನ್ನು ಒಂಚೂರು ಮಡಚಿ ಮೆತ್ತಗೆ ಮಾಡಿ ಇಡುತ್ತೇನೆ. ಅವರಿಗೆ ಮಡಚಲಿಲ್ಲ. "ಗಟ್ಟಿಯಾಗಿ ಕಚ್ಚಿ, ನೂಲು ಕಚ್ಚಿದಂಗೆ" ಎಂದೆ. ಅವರ ಕಣ್ಣಲ್ಲಿ ನೀರು ಬಂತು. ನನಗೆ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ?

ಫಿಲಂ ತೊಳೆದು ಬೆಳಕಿಗೆ ಹಿಡಿದೆ. ಹಿಂದಿನ ಎರಡು ಹಲ್ಲುಗಳ ನಡುವೆ ಅದೇ ಕಪ್ಪು ನೆರಳು. ಡಾಕ್ಟರು ಮೆಲ್ಲಗೆ ಕೇಳಿದರು: "ಹಲ್ಲು ಉಳಿಯುತ್ತೇನಮ್ಮ?"

ಈ ಮಾತಿಗಾಗಿಯೇ ಕಾದಿದ್ದೆನೇನೋ. "ಮುದ್ದೆ ನುಂಗಕ್ಕೆ ಹಲ್ಲು ಯಾಕೆ ಬೇಕು ಡಾಕ್ಟ್ರೇ?" ಎಂದೆ.

ಅವರು ಜೋರಾಗಿ ನಕ್ಕರು. "ಚೆನ್ನಾಗಿ ಹೇಳ್ದೆ ಕಣಮ್ಮ" ಎಂದು ಕಣ್ಣೊರೆಸಿಕೊಂಡರು. ತಮ್ಮದೇ ಮಾತೆಂದು ಅವರಿಗೆ ಹೊಳೆಯಲೇ ಇಲ್ಲ. ನಾನು ಅವ್ವನ ಹಲ್ಲು, ಶೆಡ್ಡು, ಕತ್ತರಿ ಎಲ್ಲ ಹೇಳಿದೆ. "ಎಷ್ಟು ಜನ ಬರೋರು, ಯಾರನ್ನ ಅಂತ ನೆನಪಿಟ್ಕೊಳ್ಲಿ?" ಎಂದವರೇ ಫಿಲಮ್ಮನ್ನು ಕೈಗೆ ತೆಗೆದುಕೊಂಡರು. "ಬಹಳ ಸ್ಪಷ್ಟವಾಗಿ ತೆಗೆದಿದ್ದೀಯ. ಸರಿಯಾದ ಹೊತ್ತಿಗೆ ಸಿಕ್ಕಿತು." ಮೇಡಂ ಅವತ್ತೇ ಆ ತೂತು ಮುಚ್ಚಿದರು.

ಮೊನ್ನೆ ಮೊನ್ನೆ ಅವರು ತೀರಿಕೊಂಡರಂತೆ. ನಾನು ನೋಡಲು ಹೋಗಲಿಲ್ಲ. ಅವ್ವ ಅವರಿಗಿಂತ ಮೊದಲೇ ಹೋದಳು. ಕಿತ್ತ ಆ ಎರಡರ ಹಿಂದೆಯೇ ಅವಳ ಎಡಗಡೆಯ ಉಳಿದ ಹಲ್ಲುಗಳೂ ಅಲ್ಲಾಡಿ ಬಿದ್ದಿದ್ದವು. ಮಣ್ಣು ಮಾಡುವ ಮುಂಚೆ ಬಾಯಿಗೆ ಅಕ್ಕಿಕಾಳು ಹಾಕುವಾಗ ನೋಡಿದೆ, ಕೆನ್ನೆ ಪೂರಾ ಒಳಕ್ಕೆ ಸೇದಿಹೋಗಿತ್ತು...

ಡಬ್ಬಿಯನ್ನು ತೊಳೆದು ಕವುಚಿಟ್ಟೆ. ವಾಸನೆ ಇನ್ನೂ ಕೈಯಲ್ಲಿದೆ. ಡಾಕ್ಟರು ತಮ್ಮ ಹಲ್ಲುಗಳ ಜೊತೆಗೇ ಹೋದರು. ಅವುಗಳಲ್ಲಿ ಒಂದನ್ನು ಉಳಿಸಿಕೊಟ್ಟವಳು ನಾನು.